ಚಂದ್ರವಳ್ಳಿಯ ಗುಹೆಗಳಿಗೆ ಬಲ್ಲ ಮಾರ್ಗದರ್ಶಿಗಳು ಬೇಕು

ಸಂಪಾದಕರಿಗೆ,

ಮಾನ್ಯರೇ,

ಚಿತ್ರದುರ್ಗದ ಚಂದ್ರವಳ್ಳಿ ಕಣಿವೆ, ಅಲ್ಲಿ ಬಂಡೆಗಳ ಅಡಿಯಲ್ಲಿರುವ ಅಂಕಲಿ ಮಠ ಹಾಗೂ ಜೋಗಿಮಟ್ಟಿ ಬೆಟ್ಟದ ಪರಿಸರದಲ್ಲಿ ಪ್ರವಾಸಿ ಸೌಕರ್ಯಗಳನ್ನು ಹೆಚ್ಚಿಸಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಸೌಕರ್ಯವೆಂದೊಡನೆ ನಮ್ಮಲ್ಲಿ ಮೊದಲು ನೆನಪಾಗುವುದು ಕಾಂಕ್ರೀಟ್ ಮೆಟ್ಟಿಲು, ಸ್ಟೀಲ್ ಕಂಬಿ, ಬಣ್ಣಬಣ್ಣದ ದೀಪ ಮತ್ತು ಪ್ರವೇಶದ್ವಾರಕ್ಕೊಂದು ಕಮಾನು. ಇವೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸ ಇನ್ನೊಂದಿದೆ. ಬಂಡೆಗಳ ನಡುವಿನ ಕತ್ತಲೆಗೆ ಜನರನ್ನು ಕರೆದೊಯ್ದು ಸುರಕ್ಷಿತವಾಗಿ ಹೊರತರಬಲ್ಲ, ಆ ನೆಲದ ಚರಿತ್ರೆಯನ್ನೂ ಶಿಲೆಯನ್ನೂ ಜೀವಿಗಳನ್ನೂ ಬಲ್ಲ ಸ್ಥಳೀಯ ಮಾರ್ಗದರ್ಶಿಗಳನ್ನು ಸಿದ್ಧಪಡಿಸಿ, ಅವರಿಗೆ ಗೌರವದ ಸಂಬಳ ಕೊಟ್ಟು ನೇಮಿಸುವ ಕೆಲಸ ಅದು. ಅನುದಾನ ಬರುವುದಿದ್ದರೆ ಅದರ ದೊಡ್ಡ ಪಾಲು ಇದಕ್ಕೇ ಸಲ್ಲಬೇಕೆಂದು ಈ ಪತ್ರದ ಮೂಲಕ ಕೋರುತ್ತೇನೆ.

ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಮಗಳು ಪರ್ತ್ ನಗರದಲ್ಲಿ ನೆಲೆಸಿರುವುದರಿಂದ ಪಶ್ಚಿಮ ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿರುವ ಕಿಂಬರ್ಲಿ ಪ್ರದೇಶವನ್ನು ನೋಡುವ ಅವಕಾಶ ನನಗೆ ಒದಗಿತು. ಆ ಒಂದು ಪ್ರದೇಶವೇ ವಿಸ್ತೀರ್ಣದಲ್ಲಿ ನಮ್ಮ ಇಡೀ ಕರ್ನಾಟಕದ ಎರಡು ಪಟ್ಟಿಗಿಂತ ದೊಡ್ಡದು. ಅಲ್ಲಿ ವಾಸಿಸುವ ಜನರೋ ಐವತ್ತು ಸಾವಿರವೂ ಇಲ್ಲ. ಡರ್ಬಿ ಎಂಬ ಸಣ್ಣ ಊರಿನಿಂದ ಬೆಳಗಿನ ಜಾವ ಹೊರಟು, ಸುಮಾರು 145 ಕಿ.ಮೀ. ದೂರದ ವಿಂಡ್ಜಾನಾ ಕಮರಿಯನ್ನೂ ಅಲ್ಲಿಂದ ಮುಂದೆ 35 ಕಿ.ಮೀ. ದೂರದಲ್ಲಿರುವ ಟನಲ್ ಕ್ರೀಕ್ ಎಂಬ ಗುಹೆಯನ್ನೂ ನೋಡಿಕೊಂಡು ಕತ್ತಲಾದ ಮೇಲೆ ಹಿಂದಿರುಗುವ ಒಂದು ದಿನದ ಪ್ರವಾಸ ಅದು. ದಾರಿಯ ಕೊನೆಯ ಭಾಗ ಕೆಮ್ಮಣ್ಣಿನ ರಸ್ತೆ. ಮಳೆಗಾಲದಲ್ಲಿ ಹಳ್ಳಗಳು ತುಂಬಿ ದಾರಿ ಮುಚ್ಚುವುದರಿಂದ ಸುಮಾರು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಒಣ ಹವೆಯಲ್ಲಿ ಮಾತ್ರ ಅಲ್ಲಿಗೆ ಹೋಗಬಹುದು. ಊರು ದಾಟಿದ ಮೇಲೆ ಮೊಬೈಲ್ ಸಂಪರ್ಕವೆಂಬುದೇ ಇರುವುದಿಲ್ಲ.

ಇಂಥ ಜಾಗದಲ್ಲಿ ಒಬ್ಬ ಮಾರ್ಗದರ್ಶಿಯ ಬೆಲೆ ಏನೆಂಬುದು ಹೊರಡುವ ಮೊದಲೇ ತಿಳಿಯುತ್ತದೆ. ವಾಹನಕ್ಕೆ ಹತ್ತುವ ಮುನ್ನ ಪ್ರತಿಯೊಬ್ಬರ ಕಾಲಲ್ಲಿ ಯಾವ ಪಾದರಕ್ಷೆಯಿದೆ, ನೀರು ಎಷ್ಟಿದೆ, ತಲೆಗೆ ಟೋಪಿ ಇದೆಯೇ, ಮಂಡಿನೋವು, ಉಬ್ಬಸ, ರಕ್ತದೊತ್ತಡದಂಥ ತೊಂದರೆ ಇದೆಯೇ ಎಂದು ಅವರು ವಿಚಾರಿಸಿದರು. ಉಪಗ್ರಹ ಫೋನು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಪ್ರತಿಯೊಬ್ಬರಿಗೂ ಒಂದೊಂದು ಟಾರ್ಚು ಮತ್ತು ಹೆಚ್ಚುವರಿಯಾಗಿ ಎರಡು ಟಾರ್ಚು ವಾಹನದಲ್ಲಿದ್ದವು. ಎಷ್ಟು ಗಂಟೆಯೊಳಗೆ ವಾಹನ ಹಿಂದಿರುಗದಿದ್ದರೆ ಹುಡುಕಲು ಹೊರಡಬೇಕೆಂಬುದನ್ನು ಊರಿನಲ್ಲಿರುವವರಿಗೆ ಬರೆದು ಕೊಟ್ಟೇ ಅವರು ಚಾಲಕನ ಆಸನದಲ್ಲಿ ಕುಳಿತರು. ಇದರಲ್ಲಿ ಯಾವುದೂ ದುಬಾರಿ ವ್ಯವಸ್ಥೆಯಲ್ಲ ಎಂಬುದನ್ನು ನಮ್ಮ ಅಧಿಕಾರಿಗಳು ಗಮನಿಸಬೇಕು.

ವಿಂಡ್ಜಾನಾ ಕಮರಿಯು ನೇಪಿಯರ್ ಎಂಬ ಸುಣ್ಣಕಲ್ಲಿನ ಬೆಟ್ಟಸಾಲನ್ನು ಲೆನಾರ್ಡ್ ನದಿ ಕೊರೆದು ಮಾಡಿಕೊಂಡ ದಾರಿ. ಉದ್ದ ಸುಮಾರು ಮೂರೂವರೆ ಕಿ.ಮೀ.; ಎರಡೂ ಬದಿಯ ಕಲ್ಲಿನ ಗೋಡೆಗಳು ಕೆಲವೆಡೆ ನೂರು ಮೀಟರಿನಷ್ಟು ಎತ್ತರ. ಆ ಬೆಟ್ಟಸಾಲು ಮೂವತ್ತೈದು ಕೋಟಿ ವರ್ಷಗಳಿಗೂ ಹಿಂದೆ, ಭೂವಿಜ್ಞಾನಿಗಳು ಡಿವೋನಿಯನ್ ಎಂದು ಕರೆಯುವ ಕಾಲದಲ್ಲಿ, ಬೆಚ್ಚನೆಯ ಸಮುದ್ರದೊಳಗೆ ಪಾಚಿ, ಹವಳ ಮೊದಲಾದ ಜೀವಿಗಳು ಕಟ್ಟಿದ ದಿಬ್ಬ. ಮಾರ್ಗದರ್ಶಿ ಕೈತೋರಿದ ಕಡೆ ಗೋಡೆಯಲ್ಲಿ ಸಮುದ್ರಜೀವಿಗಳ ಪಳೆಯುಳಿಕೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅವರು ತೋರದಿದ್ದರೆ ನಾವೆಲ್ಲ ಅದನ್ನು ಬರಿಯ ಬಂಡೆಯೆಂದು ದಾಟಿ ಹೋಗುತ್ತಿದ್ದೆವು. ಒಣ ಹವೆಯಲ್ಲಿ ನದಿ ಹರಿಯುವುದು ನಿಂತು ಅಲ್ಲಲ್ಲಿ ಮಡುಗಳಷ್ಟೇ ಉಳಿದಿರುತ್ತವೆ. ಆ ಮಡುಗಳ ದಂಡೆಯಲ್ಲಿ ಸಿಹಿನೀರಿನ ಮೊಸಳೆಗಳು ಬಿಸಿಲು ಕಾಯುತ್ತ ಮಲಗಿದ್ದವು. ಅವು ಕೆಣಕದೆ ಮನುಷ್ಯರ ಮೇಲೆ ಬೀಳುವ ಜಾತಿಯವಲ್ಲವಾದರೂ, ಎಷ್ಟು ದೂರದಲ್ಲಿ ನಿಲ್ಲಬೇಕು, ಯಾವ ದಂಡೆಯಲ್ಲಿ ನಡೆಯಬಾರದು ಎಂಬುದರಲ್ಲಿ ಮಾರ್ಗದರ್ಶಿ ಸ್ವಲ್ಪವೂ ಸಡಿಲ ಬಿಡಲಿಲ್ಲ.

ಟನಲ್ ಕ್ರೀಕ್ ಅದೇ ಬೆಟ್ಟಸಾಲಿನ ಅಡಿಯಲ್ಲಿ ಒಂದು ಹಳ್ಳ ಕೊರೆದಿರುವ ಸುರಂಗ. ಸುಮಾರು 750 ಮೀಟರ್ ಉದ್ದ. ನಡುವೆ ಒಂದು ಕಡೆ ಚಾವಣಿ ಕುಸಿದು ಆಕಾಶ ಕಾಣುತ್ತದೆ. ಉಳಿದಂತೆ ಗಾಢ ಕತ್ತಲೆ. ಪ್ರಪಂಚದ ಎಲ್ಲೆಡೆಯಿಂದ ಜನ ಬರುವ ಈ ಗುಹೆಯೊಳಗೆ ವಿದ್ಯುದ್ದೀಪಗಳಿಲ್ಲ, ಕಟ್ಟಿದ ಕಾಲುದಾರಿಯಿಲ್ಲ. ಬಾಯಿಯಲ್ಲಿ ಬಿದ್ದಿರುವ ದೊಡ್ಡ ಬಂಡೆಗಳನ್ನು ಕೈಕಾಲು ಊರಿ ಇಳಿದು, ಮೊಣಕಾಲು ಮುಳುಗುವ ತಣ್ಣನೆಯ ನೀರಿನಲ್ಲಿ ಟಾರ್ಚು ಹಿಡಿದು ನಡೆಯಬೇಕು. ಗುಹೆಯಲ್ಲಿ ಹಲವು ಜಾತಿಯ ಬಾವಲಿಗಳಿವೆ. ಅವುಗಳಲ್ಲಿ ಗೋಸ್ಟ್ ಬ್ಯಾಟ್ ಎಂಬ ದೊಡ್ಡ ಜಾತಿ ಅಳಿವಿನ ಅಪಾಯದಲ್ಲಿದೆ. ಅವುಗಳ ಮೇಲೆ ಬೆಳಕು ಹಾಯಿಸದಂತೆ, ಗಟ್ಟಿಯಾಗಿ ಮಾತನಾಡದಂತೆ ಮೊದಲೇ ಸೂಚನೆಯಿತ್ತು. ಒಳಹೋಗುವಾಗ ಒಮ್ಮೆ, ಕುಸಿದ ಚಾವಣಿಯ ಕೆಳಗೆ ಒಮ್ಮೆ, ಆಚೆ ತುದಿಯಲ್ಲಿ ಮತ್ತೊಮ್ಮೆ ಮಾರ್ಗದರ್ಶಿ ನಮ್ಮನ್ನು ಎಣಿಸಿದರು. ಗುಂಪಿನಲ್ಲಿದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರು ಯಾರ ನೆರವೂ ಇಲ್ಲದೆ ಆ ದಾರಿಯನ್ನು ಪೂರೈಸಿದರು, ಏಕೆಂದರೆ ಪ್ರತಿ ಹೆಜ್ಜೆಗೂ ಮುಂಚೆ ಕಾಲಡಿ ಮರಳಿದೆಯೋ ಕಲ್ಲಿದೆಯೋ ಎಂಬುದನ್ನು ಮುಂದಿನವರು ಹಿಂದಿನವರಿಗೆ ಹೇಳುತ್ತ ಸಾಗುವ ಕ್ರಮವನ್ನು ಮಾರ್ಗದರ್ಶಿ ನಮಗೆ ಕಲಿಸಿದ್ದರು.

ಈ ಎರಡೂ ಸ್ಥಳಗಳು ಬುನುಬಾ ಎಂಬ ಮೂಲನಿವಾಸಿ ಜನರ ನಾಡಿನವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದನ ಸಾಕಣೆಯ ಬಿಳಿಯರು ಆ ನಾಡನ್ನು ಆಕ್ರಮಿಸುತ್ತ ಬಂದಾಗ, ಜಂಡಮರ್ರಾ ಎಂಬ ಬುನುಬಾ ಯುವಕ ಮೊದಲು ಪೊಲೀಸರಿಗೆ ಜಾಡು ಹಿಡಿದು ಕೊಡುವವನಾಗಿದ್ದು, 1894ರಲ್ಲಿ ಪೊಲೀಸನೊಬ್ಬನನ್ನು ಕೊಂದು, ಸರಪಳಿಯಲ್ಲಿದ್ದ ತನ್ನವರನ್ನು ಬಿಡಿಸಿಕೊಂಡು ಅವರ ನಾಯಕನಾದ. ಅದೇ ವರ್ಷದ ನವೆಂಬರಿನಲ್ಲಿ ವಿಂಡ್ಜಾನಾ ಕಮರಿಯಲ್ಲಿ ದೊಡ್ಡ ಕಾಳಗ ನಡೆಯಿತು. ಆ ಕಮರಿ, ಗುಹೆಗಳ ಒಳದಾರಿಗಳನ್ನೆಲ್ಲ ಬಲ್ಲವನಾದ್ದರಿಂದ ಎರಡು ವರ್ಷಗಳಿಗೂ ಹೆಚ್ಚು ಕಾಲ ಅವನು ಸೆರೆ ಸಿಗಲಿಲ್ಲ. ಕೊನೆಗೆ 1897ರ ಏಪ್ರಿಲ್ 1ರಂದು ಟನಲ್ ಕ್ರೀಕ್ ಬಳಿಯೇ ಗುಂಡಿಗೆ ಬಲಿಯಾದ. 2012ರಲ್ಲಿ ಆ ದೇಶದ ಫೆಡರಲ್ ನ್ಯಾಯಾಲಯ ಬುನುಬಾ ಜನರಿಗೆ ತಮ್ಮ ನೆಲದ ಮೇಲಿರುವ ಪಾರಂಪರಿಕ ಹಕ್ಕನ್ನು ಮಾನ್ಯ ಮಾಡಿದೆ. ನಮ್ಮನ್ನು ಕರೆದೊಯ್ದವರಲ್ಲಿ ಆ ಸಮುದಾಯದ ಒಬ್ಬ ಹೆಣ್ಣುಮಗಳಿದ್ದರು. ಗುಹೆಯ ಬಾಯಿಯಲ್ಲಿ ನಿಂತು ಆಕೆ ಈ ಕಥೆಯನ್ನು ಹೇಳಿದ ಬಗೆಯಲ್ಲಿ ಅಳಲೂ ಇತ್ತು, ಅಭಿಮಾನವೂ ಇತ್ತು. ಒಂದು ಬಂಡೆಯ ಕಡೆ ಫೋಟೊ ತೆಗೆಯಬಾರದೆಂದು ಆಕೆ ಕೇಳಿಕೊಂಡಾಗ ಗುಂಪಿನಲ್ಲಿ ಯಾರೂ ಎದುರಾಡಲಿಲ್ಲ. ಹೇಳುವವರಿಗೆ ಆ ನೆಲದೊಡನೆ ಸಂಬಂಧವಿದ್ದರೆ ಕೇಳುವವರ ನಡವಳಿಕೆಯೂ ತಾನಾಗಿ ತಿದ್ದಿಕೊಳ್ಳುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ಕಂಡೆ.

ಆಸ್ಟ್ರೇಲಿಯಾದಲ್ಲಿ ಎಲ್ಲವೂ ಸರಿಯಾಗಿದೆ ಎಂಬ ಅಭಿಪ್ರಾಯ ನನ್ನದಲ್ಲ. ಅದೇ ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಪ್ರದೇಶದ ಜೂಕನ್ ಕಮರಿಯಲ್ಲಿ 46 ಸಾವಿರ ವರ್ಷಗಳ ಮಾನವ ವಾಸದ ಕುರುಹುಗಳಿದ್ದ ಕಲ್ಲಾಸರೆಗಳನ್ನು 2020ರ ಮೇ ತಿಂಗಳಲ್ಲಿ ಕಬ್ಬಿಣದ ಅದಿರಿಗಾಗಿ ಸಿಡಿಮದ್ದಿಟ್ಟು ಒಡೆಯಲಾಯಿತು. ಆ ನೆಲದ ಮೂಲನಿವಾಸಿಗಳ ದುಃಖಕ್ಕೆ ಯಾವ ಪರಿಹಾರವೂ ಸಾಟಿಯಾಗದು. ಮತ್ತೊಂದೆಡೆ, ಉಲುರು ಎಂಬ ಪವಿತ್ರ ಏಕಶಿಲೆಯನ್ನು ಹತ್ತುವುದನ್ನು ಅಲ್ಲಿನ ಅನಂಗು ಜನರ ಬಹುಕಾಲದ ಕೋರಿಕೆಯಂತೆ 2019ರ ಅಕ್ಟೋಬರ್ 26ರಿಂದ ನಿಲ್ಲಿಸಲಾಗಿದೆ. ಗಣಿ ಮತ್ತು ಕಲ್ಲುಕ್ವಾರಿಗಳ ಸದ್ದನ್ನು ದಶಕಗಳಿಂದ ಕೇಳುತ್ತಿರುವ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಗಣಿಗಾರಿಕೆಗೆ ತಡೆ ಹಾಕಬೇಕಾಗಿ ಬಂದ ಮೂರು ಜಿಲ್ಲೆಗಳಲ್ಲಿ ಒಂದಾದ ಚಿತ್ರದುರ್ಗದವರಿಗೆ ಈ ಎರಡೂ ಉದಾಹರಣೆಗಳು ಪರಕೀಯವೆನಿಸಲಾರವು.

ಇನ್ನು ನಮ್ಮ ಚಂದ್ರವಳ್ಳಿಗೆ ಬರುತ್ತೇನೆ. ಕೋಟೆಯ ಬೆಟ್ಟ, ಚೋಳಗುಡ್ಡ ಮತ್ತು ಕಿರುಬನಕಲ್ಲು ಬೆಟ್ಟಗಳ ನಡುವಿನ ಈ ಕಣಿವೆಯಷ್ಟು ಚರಿತ್ರೆಯನ್ನು ತುಂಬಿಕೊಂಡ ತಾಣಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್, ಆನಂತರ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳ ಜೊತೆಗೆ ರೋಮ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬೆಳ್ಳಿಯ ನಾಣ್ಯಗಳು ಈ ಮಣ್ಣಿನಿಂದ ಹೊರಬಂದವು. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮ ಕೆರೆ ಮಾಡಿಸಿದ್ದನ್ನು ಹೇಳುವ ಪ್ರಾಕೃತ ಶಾಸನವಿದೆ. ಬನವಾಸಿಯ ಅರಸನೊಬ್ಬ ಸಾವಿರದ ಆರುನೂರು ವರ್ಷಗಳಿಗೂ ಹಿಂದೆ ಇಲ್ಲಿಗೆ ಬಂದು ನೀರು ನಿಲ್ಲಿಸಿದನೆಂದರೆ, ಈ ಬಯಲುಸೀಮೆಯಲ್ಲಿ ಆ ನೀರಿಗಿದ್ದ ಬೆಲೆ ಎಷ್ಟೆಂಬುದು ತಿಳಿಯುತ್ತದೆ. ಚಂದ್ರವಳ್ಳಿಗೆ ಬರುವವರಲ್ಲಿ ಹೆಚ್ಚಿನವರು ಆ ಬಂಡೆಯ ಪಕ್ಕದಲ್ಲೇ ಹಾದು ಹೋಗುತ್ತಾರೆ. ಅದರಲ್ಲಿ ಏನು ಬರೆದಿದೆಯೆಂದು ಹೇಳುವವರು ಪಕ್ಕದಲ್ಲಿ ಇರುವುದಿಲ್ಲ.

ಅಂಕಲಿ ಮಠದ ಒಳಗಿನ ಕೋಣೆಗಳ ಪಾಡು ಇನ್ನೂ ಕಳವಳಕಾರಿ. ಹೆಬ್ಬಂಡೆಗಳ ಅಡಿಯಲ್ಲಿ ಒಂದರೊಳಗೊಂದು ತೆರೆದುಕೊಳ್ಳುವ ಈ ಕೋಣೆಗಳಲ್ಲಿ ಪೂಜೆಯ ಸ್ಥಳವಿದೆ, ಲಿಂಗವಿದೆ, ಗೋಡೆಯ ಮೇಲೆ ಹಳೆಯ ಬಣ್ಣದ ಚಿತ್ತಾರದ ಗುರುತುಗಳಿವೆ. ಅಂಕಲಗಿಯ ಪರದೇಶಪ್ಪ ಎಂಬ ಸಾಧಕರು ಇಲ್ಲಿ ನೆಲೆಸಿದ್ದರೆಂಬುದು ಜನರ ನಂಬಿಕೆ. ಇಷ್ಟು ಮಹತ್ವದ ಜಾಗದ ಗೋಡೆಗಳ ಮೇಲೆ ಪ್ರೇಮಿಗಳ ಹೆಸರು, ಹೃದಯದ ಗುರುತು, ದೂರವಾಣಿ ಸಂಖ್ಯೆ ಗೀಚಿರುವುದನ್ನು ನಾನು ಕಂಡಿದ್ದೇನೆ. ಕಾಲೇಜಿನ ಮಕ್ಕಳು ಮೊಬೈಲಿನ ಬೆಳಕನ್ನೇ ನಂಬಿ ಒಳಹೋಗಿ, ಚಾರ್ಜ್ ಮುಗಿದು, ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ತಡವರಿಸುತ್ತ ಹೊರಬಂದದ್ದನ್ನೂ ಕಂಡಿದ್ದೇನೆ. ಒಳಗೆ ಯಾರು ಹೋದರು, ಯಾರು ಹೊರಬಂದರು ಎಂಬ ಲೆಕ್ಕವಿಲ್ಲ. ಆ ಮಕ್ಕಳು ಭಯದಿಂದ ನಗುತ್ತಿದ್ದರು. ಹೊರಗೆ ನಿಂತು ನೋಡುತ್ತಿದ್ದ ನನಗೆ ನಗು ಬರಲಿಲ್ಲ.

ನಮ್ಮ ಗುಹೆಗಳು ಹೇಗಾದವು ಎಂಬುದನ್ನು ತಿಳಿಸುವುದಕ್ಕೂ ಬಲ್ಲವರು ಬೇಕು. ಕಿಂಬರ್ಲಿಯ ಗುಹೆಯನ್ನು ಕೊರೆದದ್ದು ನೀರು: ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಸ್ವಲ್ಪ ಹುಳಿಯಾಗಿ, ಸುಣ್ಣಕಲ್ಲನ್ನು ಲಕ್ಷಾಂತರ ವರ್ಷಗಳ ಕಾಲ ಕರಗಿಸುತ್ತದೆ. ಚಿತ್ರದುರ್ಗದ ಕೋಟೆ ಬೆಟ್ಟದ ಗ್ರಾನೈಟ್ ಹಾಗೆ ಕರಗುವ ಶಿಲೆಯಲ್ಲ. ಬಿರುಕುಗಳ ಗುಂಟ ಬಿಸಿಲು ಮಳೆಗಳಿಗೆ ಸಿಕ್ಕು ಮೂಲೆಗಳು ಉದುರಿ, ಬಂಡೆಗಳು ಉರುಟಾಗಿ, ನಡುವಿನ ಮಣ್ಣು ಕೊಚ್ಚಿಹೋಗಿ ಒಂದರ ಮೇಲೊಂದು ಕೂತ ಬಂಡೆಗಳ ಸಂದಿನಲ್ಲಿ ಪೊಳ್ಳುಗಳು ಉಳಿಯುತ್ತವೆ. ಆ ಪೊಳ್ಳುಗಳನ್ನು ಮನುಷ್ಯರು ಗೋಡೆ ಕಟ್ಟಿ, ಗಾರೆ ಬಳಿದು, ಕಲ್ಲು ಕಡಿದು ವಾಸಕ್ಕೆ ಒಗ್ಗಿಸಿಕೊಂಡರು. ಆದ್ದರಿಂದಲೇ ಇಲ್ಲಿ ಭಾರವಾದ ಕಾಂಕ್ರೀಟ್ ಕಾಮಗಾರಿ, ಡ್ರಿಲ್ಲಿಂಗ್, ಹಳೆಯ ಗಾರೆಯ ಮೇಲೆ ಹೊಸ ಸಿಮೆಂಟು ಇವು ಸಲ್ಲವು. ಆಂಧ್ರಪ್ರದೇಶದ ಬೇಲಂ ಗುಹೆಗೆ ನಮ್ಮ ಭಾಗದಿಂದ ಬಹಳ ಜನ ಹೋಗಿಬರುತ್ತಾರೆ. 3,229 ಮೀಟರ್ ಉದ್ದದ ಆ ಸುಣ್ಣಕಲ್ಲಿನ ಗುಹೆಯಲ್ಲಿ ಕಾಲುದಾರಿ, ದೀಪ, ಗಾಳಿ ಒದಗಿಸುವ ವ್ಯವಸ್ಥೆ ಇದೆ; ಅಷ್ಟು ಉದ್ದದ, ಅಷ್ಟು ಜನ ಸೇರುವ ಗುಹೆಗೆ ಅವು ಅಗತ್ಯವಾಗಿರಬಹುದು. ಕೆಲವೇ ಕೋಣೆಗಳ ಅಂಕಲಿ ಮಠಕ್ಕೆ ಅದೇ ಮಾದರಿಯನ್ನು ತಂದರೆ ಚಿತ್ತಾರವೂ ಉಳಿಯದು, ಬಾವಲಿಯೂ ಉಳಿಯದು, ಕತ್ತಲೆಯಲ್ಲಿ ಧ್ಯಾನಕ್ಕೆ ಕುಳಿತವರ ನೆಲೆಯಿದು ಎಂಬ ಭಾವವೂ ಉಳಿಯದು.

ಚಿತ್ರದುರ್ಗದ ಕೋಟೆಯಲ್ಲಿ ಈಗಾಗಲೇ ಗೈಡ್‌ಗಳಿದ್ದಾರೆ. ಅವರಲ್ಲಿ ಹಲವರು ಓಬವ್ವನ ಕಿಂಡಿಯ ಮುಂದೆ ನಿಂತು ಹೈದರಾಲಿಯ ಸೈನಿಕರು ಆ ಸಂದಿನಲ್ಲಿ ಒಬ್ಬೊಬ್ಬರಾಗಿ ನುಸುಳಿದ್ದನ್ನೂ ಒನಕೆಯ ಪೆಟ್ಟನ್ನೂ ವರ್ಣಿಸುವಾಗ ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಾರೆ. ಈ ಪ್ರತಿಭೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಅವರು ಕಲಿತದ್ದೆಲ್ಲ ಬಹುಪಾಲು ಹಿರಿಯರಿಂದ ಕೇಳಿ, ತಾವೇ ಓದಿಕೊಂಡು ಕಲಿತದ್ದು. ಅದಕ್ಕೆ ನಾವು ಋಣಿಗಳಾಗಿರಬೇಕು. ಆದರೆ ಗೋಪಾಲಸ್ವಾಮಿ ಹೊಂಡದ ಹೆಚ್ಚಾದ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿದು ಅಲ್ಲಿಂದ ಮುಂದಿನ ಹೊಂಡಗಳಿಗೆ ಹರಿಯುವಂತೆ ಪಾಳೆಯಗಾರರ ಕಾಲದಲ್ಲಿ ಮಾಡಿಟ್ಟ ನೀರಿನ ಏರ್ಪಾಟು, ವರ್ಷಕ್ಕೆ ಆರುನೂರು ಮಿ.ಮೀ. ಆಸುಪಾಸು ಮಳೆ ಬೀಳುವ ಈ ಊರಿನಲ್ಲಿ ಸೈನ್ಯವೊಂದು ಮುತ್ತಿಗೆಯನ್ನು ತಡೆದು ನಿಂತದ್ದರ ಗುಟ್ಟು, ಇಂಥ ವಿಷಯಗಳನ್ನು ಚಿತ್ರಪಟದ ನೆರವಿನಿಂದ, ದಾಖಲೆಯ ಆಧಾರದಿಂದ ಹೇಳಲು ಅವರಿಗೆ ತರಬೇತಿ ಬೇಕು. 1779ರಲ್ಲಿ ಕೋಟೆ ಹೈದರನ ಕೈಸೇರಿದ ಮೇಲೆ ಏನಾಯಿತೆಂಬುದನ್ನು ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುವಂತಿರಬೇಕು.

ಒಂದು ದಿನದ ಪ್ರವಾಸವನ್ನು ಹೀಗೆ ಕಲ್ಪಿಸಿಕೊಳ್ಳಬಹುದು. ಬೆಳಿಗ್ಗೆ ಆರೂವರೆಗೆ ಚಂದ್ರವಳ್ಳಿಯ ಕೆರೆಯ ದಂಡೆಯಲ್ಲಿ ಹತ್ತು ಹನ್ನೆರಡು ಜನರ ಗುಂಪು ಸೇರಬೇಕು. ದಾವಣಗೆರೆಯಿಂದ ಬರುವವರಿಗೂ ಹೆದ್ದಾರಿಯಲ್ಲಿ ಒಂದು ಗಂಟೆಯ ಹಾದಿಯಾದ್ದರಿಂದ ಈ ವೇಳೆ ಕಷ್ಟವಲ್ಲ. ಹೆಸರು ಬರೆಸಿ, ಟಾರ್ಚು ಪಡೆದು, ಬಿಸಿಲೇರುವ ಮೊದಲೇ ಅಂಕಲಿ ಮಠವನ್ನು ನೋಡಿ ಮಯೂರಶರ್ಮನ ಶಾಸನದ ಬಳಿ ಬಂದು ಕುಳಿತು ಅದರ ಅರ್ಥವನ್ನು ನಿಧಾನವಾಗಿ ಕೇಳಬೇಕು. ಅಲ್ಲಿಯೇ ತಿಂಡಿ, ಮಂಡಕ್ಕಿ ಮೆಣಸಿನಕಾಯಿ ಬಜ್ಜಿಯನ್ನು ಸ್ತ್ರೀಶಕ್ತಿ ಸಂಘದವರು ಮಾಡಿಕೊಟ್ಟರೆ ದಾವಣಗೆರೆಯವರಿಗೂ ಮನೆಯಲ್ಲಿದ್ದಂತೆಯೇ ಆದೀತು. ಮಧ್ಯಾಹ್ನದ ಬಿಸಿಲಿನ ಹೊತ್ತನ್ನು ವಾಹನದಲ್ಲಿ ಕಳೆಯುವಂತೆ ಮರಡಿಹಳ್ಳಿಗೆ ಹೋಗಬಹುದು. ಸಮುದ್ರದಡಿಯಲ್ಲಿ ಉಕ್ಕಿದ ಲಾವಾ ನೀರಿಗೆ ತಾಗಿದೊಡನೆ ಗಟ್ಟಿಯಾಗಿ ದಿಂಬುಗಳ ರಾಶಿಯಂತೆ ಉಳಿದಿರುವ ಶಿಲೆ ಅಲ್ಲಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಹಳೆಯ ಆ ಕಲ್ಲಿನ ಮುಂದೆ ಕಿಂಬರ್ಲಿಯ ಬೆಟ್ಟಸಾಲು ತೀರ ಎಳೆಯದು. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ನಮ್ಮ ಹಳ್ಳಿಗಳು ಒಂದು ಕಾಲದ ಸಮುದ್ರತಳದ ಮೇಲೆ ನಿಂತಿವೆ ಎಂಬುದನ್ನು ಶಾಲಾ ಮಕ್ಕಳು ಆ ಕಲ್ಲನ್ನು ಮುಟ್ಟಿ ತಿಳಿಯಬೇಕಲ್ಲವೇ? ಸಂಜೆ ಆಡುಮಲ್ಲೇಶ್ವರದ ಮಾರ್ಗವಾಗಿ ಜೋಗಿಮಟ್ಟಿಯ ಕಡೆಗೆ ಸಾಗಿ, ಅರಣ್ಯ ಇಲಾಖೆ ನಿಗದಿಪಡಿಸಿದ ವೇಳೆಯೊಳಗೆ ಇಳಿದುಬಿಡಬೇಕು. ಅದು ಕರಡಿ, ಚಿರತೆಗಳಿರುವ ವನ್ಯಜೀವಿಧಾಮ. ಕತ್ತಲಾದ ಮೇಲೆ ಆ ಬೆಟ್ಟ ಅವುಗಳದ್ದು.

ಬೇರೆ ಬೇರೆ ದಿನಗಳಿಗೆ ಬೇರೆ ದಾರಿಗಳೂ ಆಗಬಹುದು. ವೇದಾವತಿಯ ಕಣಿವೆಯನ್ನು ಅಡ್ಡಗಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವನ್ನು ನಾವಿಂದಿಗೂ ಮಾರಿಕಣಿವೆಯೆಂದೇ ಕರೆಯುತ್ತೇವೆ. 1933ರ ಬಳಿಕ 2022ರಲ್ಲಿ ಅದು ಕೋಡಿ ಬಿದ್ದಾಗ ಜಿಲ್ಲೆಯ ಜನರೆಲ್ಲ ಅಲ್ಲಿ ಸೇರಿದ್ದರು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳಿವೆ. ಆದರೆ ಆ ಭಾಗ ಮ್ಯಾಸಬೇಡರ ಮತ್ತು ಕಾಡುಗೊಲ್ಲರ ಹಟ್ಟಿಗಳಿರುವ ನಾಡು. ದೇವರ ಎತ್ತುಗಳು ಮೇಯುವ ಕಾವಲು, ಹೊರಗಿನವರು ಪಾದರಕ್ಷೆ ಮೆಟ್ಟಿ ಹೋಗಬಾರದ ಗುಡಿಯ ಆವರಣ, ಜಾತ್ರೆಯ ದಿನಗಳ ಕಟ್ಟುಪಾಡು, ಇವನ್ನೆಲ್ಲ ಅರಿತವರು ಆ ಹಟ್ಟಿಗಳಲ್ಲಿಯೇ ಹುಟ್ಟಿ ಬೆಳೆದ ಯುವಕ ಯುವತಿಯರು. ಮಾರ್ಗದರ್ಶಿಯಾಗುವ ಮೊದಲ ಹಕ್ಕು ಅವರದಾಗಿರಬೇಕು. ಎಲ್ಲಿಗೆ ಕರೆದೊಯ್ಯಬಾರದು ಎಂಬುದನ್ನು ತೀರ್ಮಾನಿಸುವ ಹಕ್ಕೂ ಅವರದೇ ಆಗಿರಬೇಕು. ಬೆಂಗಳೂರಿನಿಂದ ವಾರಾಂತ್ಯಕ್ಕೆ ಗುಂಪು ಕಟ್ಟಿಕೊಂಡು ಬರುವ ಚಾರಣ ಸಂಘಟಕರು ತಮ್ಮದೇ ಜನರನ್ನು ಮುಂದೆ ಬಿಟ್ಟುಕೊಂಡು ಬೆಟ್ಟ ಹತ್ತಿ, ಊರಿನವರಿಗೆ ಪ್ಲಾಸ್ಟಿಕ್ ಬಾಟಲಿ ಬಿಟ್ಟುಹೋಗುವ ಪದ್ಧತಿ ಇಲ್ಲಿಗೆ ಬರುವ ಮೊದಲೇ ಈ ನಿಯಮ ಜಾರಿಯಾಗಲಿ.

ತರಬೇತಿಯಲ್ಲಿ ಏನಿರಬೇಕೆಂಬುದನ್ನು ಬಲ್ಲವರು ನಿರ್ಧರಿಸಲಿ. ಅಧ್ಯಾಪಕನಾಗಿ ಕೆಲಸ ಮಾಡಿದವನಾಗಿ ನನಗೆ ಅತ್ಯಗತ್ಯವೆನಿಸುವ ಕೆಲವನ್ನು ಮಾತ್ರ ಹೇಳುತ್ತೇನೆ. ಹೆಜ್ಜೇನು ಎದ್ದಾಗ ಗುಂಪನ್ನು ಯಾವ ಕಡೆಗೆ ಓಡಿಸಬೇಕು, ಹಾವು ಕಚ್ಚಿದವರನ್ನು ಅಲುಗಾಡಿಸದೆ ಜಿಲ್ಲಾಸ್ಪತ್ರೆಗೆ ಹೇಗೆ ಸಾಗಿಸಬೇಕು, ಬಿಸಿಲಿನ ಹೊಡೆತಕ್ಕೆ ಸಿಕ್ಕವರ ಮೈಯನ್ನು ಹೇಗೆ ತಣಿಸಬೇಕು ಎಂಬ ಮೂರು ವಿಷಯಗಳಲ್ಲಿ ಪರೀಕ್ಷೆ ಪಾಸಾಗದವರಿಗೆ ಗುರುತಿನ ಚೀಟಿ ಕೊಡಬಾರದು. ಏಪ್ರಿಲ್ ತಿಂಗಳಿನಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುವಾಗ ಬಂಡೆಯ ಶಾಖ ಅದಕ್ಕೂ ಹೆಚ್ಚು. ಕಿಂಬರ್ಲಿಯಲ್ಲಿ ಮಳೆಗಾಲಕ್ಕೆ ಬಾಗಿಲು ಹಾಕುವಂತೆ ನಾವು ಬಿರುಬೇಸಿಗೆಯ ಹಗಲಿಗೆ ಬಾಗಿಲು ಹಾಕುವ ಧೈರ್ಯ ತೋರಬೇಕು. ಚರಿತ್ರೆ ಮತ್ತು ಭೂವಿಜ್ಞಾನದ ಪಾಠಗಳನ್ನು ಸ್ಥಳೀಯ ಕಾಲೇಜುಗಳ ಅಧ್ಯಾಪಕರು ಸಂತೋಷದಿಂದ ಮಾಡಿಯಾರು. ದಂತಕಥೆಯನ್ನು ದಂತಕಥೆಯೆಂದೂ ಶಾಸನದ ಮಾತನ್ನು ಶಾಸನದ ಮಾತೆಂದೂ ಬೇರ್ಪಡಿಸಿ ಹೇಳುವುದನ್ನು ಕಲಿಸಬೇಕು. ಪ್ರವಾಸಿಗರಿಗೆ ಎರಡೂ ಬೇಕು. ಬೆರಸಿ ಕೊಟ್ಟರೆ ಎರಡಕ್ಕೂ ಅನ್ಯಾಯ.

ಹಣದ ಪ್ರಶ್ನೆಯನ್ನು ಮರೆಯಲಾಗದು. ಮಾರ್ಗದರ್ಶಿಗಳು ದಿನದ ಗಿರಾಕಿಯನ್ನು ಕಾಯುತ್ತ ಬಾಗಿಲಲ್ಲಿ ನಿಲ್ಲುವ ಸ್ಥಿತಿಯಿದ್ದರೆ, ಜನ ಹೆಚ್ಚು ಸೇರಿಸುವ, ಬೇಗ ಮುಗಿಸುವ ಆತುರ ಬರುವುದು ಸಹಜ. ಅವರಿಗೆ ತಿಂಗಳ ನಿಶ್ಚಿತ ವೇತನವಿರಬೇಕು. ಪ್ರವಾಸಿಗರ ಶುಲ್ಕದ ಒಂದು ಪಾಲು ಅದಕ್ಕೆ, ಒಂದು ಪಾಲು ಸ್ಥಳದ ಸ್ವಚ್ಛತೆಗೆ ಸಲ್ಲಬೇಕು. ಜಿಲ್ಲೆಯ ಸರ್ಕಾರಿ ಶಾಲೆಗಳ ಮಕ್ಕಳಿಗೆ ಉಚಿತವಾಗಿರಬೇಕು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಮ್ಮೆಲೇ ಸೇರಿದ ಮೇಲೆ ರಾಜ್ಯದ ಅರಣ್ಯ ಇಲಾಖೆ ಚಾರಣಗಳಿಗೆ ಮುಂಗಡ ನೋಂದಣಿಯನ್ನೂ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯನ್ನೂ ತಂದಿತು. ಅಲ್ಲಿ ಸಾಧ್ಯವಾದದ್ದು ಇಲ್ಲಿಯೂ ಸಾಧ್ಯ. ಚಂದ್ರವಳ್ಳಿಯ ವಿಚಾರದಲ್ಲಿ ಪುರಾತತ್ವ, ಪ್ರವಾಸೋದ್ಯಮ, ಅರಣ್ಯ ಇಲಾಖೆಗಳು ಮತ್ತು ನಗರಾಡಳಿತ ಒಟ್ಟಿಗೆ ಕುಳಿತು ಯಾವ ಹೊಣೆ ಯಾರದೆಂದು ಬರೆದುಕೊಳ್ಳಬೇಕಾಗುತ್ತದೆ; ಜಿಲ್ಲಾಧಿಕಾರಿಗಳು ಕರೆದರೆ ಆ ಸಭೆ ಒಂದು ಮಧ್ಯಾಹ್ನದಲ್ಲಿ ಮುಗಿಯುವಂಥದ್ದು.

ಮುಂಬರುವ ದಸರಾ ರಜೆಯೊಳಗೆ ಕನಿಷ್ಠ ಅಂಕಲಿ ಮಠಕ್ಕೆ ಭಾನುವಾರಗಳಂದು ಇಬ್ಬರು ತರಬೇತಾದ ಮಾರ್ಗದರ್ಶಿಗಳನ್ನು, ಹನ್ನೆರಡು ಒಳ್ಳೆಯ ಟಾರ್ಚುಗಳನ್ನು, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಮತ್ತು ಒಳಹೋದವರ, ಹೊರಬಂದವರ ಹೆಸರು ಬರೆಯುವ ಒಂದು ವಹಿಯನ್ನು ಒದಗಿಸಬೇಕೆಂದು ಜಿಲ್ಲಾಡಳಿತವನ್ನು ವಿನಂತಿಸುತ್ತೇನೆ. ಭೂಗೋಳ ಮತ್ತು ಶಿಲೆಗಳ ಪಾಠವನ್ನು ಆ ಯುವಕರಿಗೆ ಯಾವ ಸಂಭಾವನೆಯೂ ಇಲ್ಲದೆ ಮಾಡಲು ನಾನು ಸಿದ್ಧನಿದ್ದೇನೆ. ನನ್ನಂಥ ನಿವೃತ್ತ ಅಧ್ಯಾಪಕರು ಈ ಊರಿನಲ್ಲಿ ಇನ್ನೂ ಹಲವರಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಗೋಳ ಅಧ್ಯಾಪಕ,
ಚಿತ್ರದುರ್ಗ